ಮೂರು ಬೀದರ್

ಕಲಬುರಗಿಯ ದಾಲ್ ಮಿಲ್ಲೊಂದಕ್ಕೆ ತೊಗರಿ ತರುವ ರೈತರ ಲೆಕ್ಕ ಇಡಲು ನಾನು ಬರೆದುಕೊಟ್ಟಿದ್ದ ತಂತ್ರಾಂಶ ಎರಡು ತಿಂಗಳು ತಕರಾರಿಲ್ಲದೆ ನಡೆದಿತ್ತು. ಆವಕ ಜೋರಾಗಿದ್ದ ಜನವರಿಯ ಒಂದು ಬೆಳಿಗ್ಗೆ ಅಲ್ಲಿನ ಮುನೀಮರು ಫೋನು ಮಾಡಿ, "ಸರ, ಜಿಲ್ಲಾದಾಗ ಬೀದರ್ ಅಂತ ಹೊಡದ್ರ ಅರ್ಧ ಮಂದಿ ಬರವಲ್ರು ನೋಡ್ರಿ" ಎಂದರು.

ಹೋಗಿ ನೋಡಿದರೆ, ಹುಡುಕಾಟಕ್ಕೆ ಸಿಕ್ಕ ಹೆಸರಿನಲ್ಲೂ ಸಿಗದ ಹೆಸರುಗಳಲ್ಲೂ ಊರು ಬೀದರ್ ಎಂದೇ ಇತ್ತು. ಕಣ್ಣನ್ನು ನಂಬಿ ಅರ್ಧ ಗಂಟೆ ಕಳೆದ ಮೇಲೆ, ಪ್ರತಿ ಪದದ ಯುನಿಕೋಡ್ ಸಂಕೇತಗಳನ್ನು, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರದ ಪ್ರತಿ ಚಿಹ್ನೆಗೂ ಇರುವ ಗುರುತಿನ ಅಂಕಿಗಳನ್ನು, ದಶಮಾನ ಸಂಖ್ಯೆಗಳಲ್ಲಿ ಮುದ್ರಿಸಿದೆ. ಸಿಕ್ಕ ಬೀದರಿನಲ್ಲಿ ಐದು ಸಂಕೇತಗಳಿದ್ದವು. ಬಕಾರದ ನಂತರದ ದೀರ್ಘ ಈಕಾರದ್ದು 3264. ಹಳೆಯ ಫಾಂಟಿನ ಕಡತದಿಂದ ಪರಿವರ್ತಿಸಿ ತಂದ ಹೆಸರುಗಳಲ್ಲಿ ಅದೇ ಜಾಗದಲ್ಲಿ 3263 ಮತ್ತು 3285 ಎಂಬ ಎರಡು ಸಂಕೇತಗಳಿದ್ದವು, ಅಂದರೆ ಗುಡಿಸು ಬೇರೆ, ದೀರ್ಘ ಬೇರೆ. ಹಳೆಯ ಫಾಂಟಿನಲ್ಲಿ ಅವು ಎರಡು ತುಣುಕುಗಳಾಗಿದ್ದುದರಿಂದ ಪರಿವರ್ತಕವೂ ತುಣುಕಿಗೆ ತುಣುಕು ಇಟ್ಟಿತ್ತು. ಮೂರನೆಯ ಬಗೆಯಲ್ಲಿ ಈಕಾರ ಸರಿಯಾಗಿದ್ದರೂ ಕೊನೆಯ ಅರ್ಧಾಕ್ಷರದ ಬೆನ್ನಿಗೆ 8204 ಅಂಟಿಕೊಂಡಿತ್ತು. ಅದು ಅರ್ಧಾಕ್ಷರ ಮುಂದಿನ ಅಕ್ಷರದೊಡನೆ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯಿನರ್.

ಮೊದಲ ತೊಡಕಿಗೆ ಯುನಿಕೋಡಿನಲ್ಲೇ ಮದ್ದಿದೆ. ಎನ್‌ಎಫ್‌ಸಿ ಎಂಬ ನಾರ್ಮಲೈಸೇಷನ್ ರೂಪಕ್ಕೆ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದಾಗಿಸುವ ರೂಪಕ್ಕೆ, ತಂದರೆ 3263 ಮತ್ತು 3285 ಸೇರಿ 3264 ಆಗುತ್ತವೆ. ಆ ಒಂದು ಸಾಲನ್ನು ದಾಖಲಿಸುವ ಮುನ್ನವೇ ಬರೆಯಬೇಕಿತ್ತು, ನಾನು ಬರೆದಿರಲಿಲ್ಲ. ಜಿಲ್ಲೆಯ ಹೆಸರನ್ನು ಪಟ್ಟಿಯಿಂದ ಆರಿಸುವಂತೆ ಮಾಡದೆ ಬೆರಳಚ್ಚಿಗೆ ಬಿಟ್ಟದ್ದೂ ನನ್ನದೇ ಸೋಮಾರಿತನ. ಆದರೆ ಎನ್‌ಎಫ್‌ಸಿ 8204ನ್ನು ಮುಟ್ಟುವುದಿಲ್ಲ. ಮುಟ್ಟಲೂಬಾರದು, ಏಕೆಂದರೆ ಅದನ್ನು ಎಲ್ಲೆಡೆ ಅಳಿಸಿದರೆ "ಬೀದರ್‌ನವರು" ಎಂಬುದು "ಬೀದರ್ನವರು" ಎಂದಾಗಿ ರಸೀದಿಯಲ್ಲಿ ರಕಾರ ನಕಾರದ ಬಲಕ್ಕೆ ಅರ್ಕಾವತ್ತಾಗುತ್ತದೆ. ಆದ್ದರಿಂದ ಮೂಲ ಪಠ್ಯವನ್ನು ಹಾಗೆಯೇ ಉಳಿಸಿ, ಹುಡುಕಾಟಕ್ಕೆಂದೇ ಮರೆಯಲ್ಲಿ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಮಾತ್ರ ಆ ಚಿಹ್ನೆಯನ್ನು ತೆಗೆದೆ. ನಮ್ಮ ಭಾಗದ ಉರ್ದು ಹೆಸರುಗಳನ್ನು ಕೆಲವರು ನುಕ್ತಾ (ಅಕ್ಷರದ ಕೆಳಗಿನ ಚುಕ್ಕೆ ಗುರುತು) ಹಾಕಿ ನವಾಜ಼ ಎಂದೂ ಕೆಲವರು ನವಾಜ ಎಂದೂ ಬರೆಯುವುದರಿಂದ ನುಕ್ತಾದ 3260ನ್ನೂ ಅಲ್ಲಿಂದ ಕೈಬಿಟ್ಟೆ.

ಸಂಜೆ ಮುನೀಮರು ಮತ್ತೆ ಬೀದರ್ ಎಂದು ಹುಡುಕಿ, ಕೈಬಹಿಯೊಂದಿಗೆ ಹೆಸರು ಹೆಸರಾಗಿ ತಾಳೆ ನೋಡಿದರು. ಇನ್ನೂ ಒಬ್ಬರು ಕಡಿಮೆ ಇದ್ದರು. ಆ ರೈತರ ಪುಟ ತೆರೆದರೆ ಜಿಲ್ಲೆ "ಬಿದರ" ಎಂದಿತ್ತು.

"ಇದು ನಿಮ್ದಲ್ರಿ ಸರ, ನಮ್ ಹುಡುಗಂದು" ಎಂದು ನಕ್ಕು, ತಾವೇ ತಿದ್ದಿದರು.