ಕೊಂಡಿ ಕಳಚದೆ ಮಡಚುವ ಟ್ರೇಲರ್ ಬಿಡಿಸುವ ಕ್ರಮ

ಮಡಚುವ ಟ್ರೇಲರ್ ಎಂದರೆ ಕಾರಿನ ಹಿಂದೆ ಎಳೆದೊಯ್ದು, ತಂಗುವಲ್ಲಿ ಛಾವಣಿ ಏರಿಸಿ, ಸಾಮಾನ್ಯವಾಗಿ ಹಿಂದೆ-ಮುಂದೆ ಮಂಚಗಳನ್ನು ಹೊರಗೆಳೆದು ಮಲಗುವ ಗಾಡಿ. ಒಂದೇ ರಾತ್ರಿಯ ತಂಗು. ಬೆಳಗ್ಗೆ ಬೇಗ ಹೊರಡಬೇಕು, ಜೊತೆಗೆ ಮಳೆ ಹನಿಯುತ್ತಿದೆ. ಇಂಥ ಹೊತ್ತಿನಲ್ಲಿ ಟ್ರೇಲರನ್ನು ಕಾರಿನಿಂದ ಕಳಚಿ, ಬೆಳಗ್ಗೆ ಎದ್ದು ಮತ್ತೆ ಕಾರಿನ ಹಿಂದಿನ ಕೊಂಡಿಯ ಗುಂಡಿನ (ಬಾಲ್) ಮೇಲೆ ಟ್ರೇಲರಿನ ಹಿಡಿ (ಕಪ್ಲರ್) ಕೂರಿಸುವ ಕೆಲಸ ಯಾರಿಗೂ ಬೇಡ. ಕಳಚದೆಯೇ ಬಿಡಿಸಬಹುದು. ಆದರೆ ಕಳಚಿ ನಿಲ್ಲಿಸುವಾಗ ಮಾಡುವುದನ್ನೇ ಇಲ್ಲೂ ಮಾಡಿದರೆ ಬಾಗಿಲು ಚೌಕಟ್ಟಿಗೆ ಕೂರುವುದಿಲ್ಲ, ಟ್ರೇಲರ್ ಅಲುಗಾಡದಂತೆ ನೆಲಕ್ಕೆ ಊರುವ ಸ್ಟೆಬಿಲೈಜರ್ ಕಾಲು ಬಾಗುತ್ತದೆ. ಕಳಚಿದ ಟ್ರೇಲರಿನ ಮೂತಿ, ಅಂದರೆ ಕಪ್ಲರ್ ಇರುವ ಮುಂದಿನ ತುದಿ, ನೆಲಕ್ಕೆ ಊರಿದ ಜಾಕ್ ಮೇಲೆ ನಿಂತಿರುತ್ತದೆ. ಕಳಚದಿದ್ದರೆ ಅದೇ ಮೂತಿ ಕಾರಿನ ಹಿಂದಿನ ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ. ಡಿಕ್ಕಿಯಿಂದ ಎರಡು ಭಾರದ ಚೀಲ ಇಳಿಸಿದರೂ ಟ್ರೇಲರಿನ ಮಟ್ಟ ಬದಲಾಗುತ್ತದೆ. ಹಾಗಾಗಿ ಡಿಕ್ಕಿಯಲ್ಲಿ ಬೇಕಾದ ಸಾಮಾನನ್ನೆಲ್ಲ ಮೊದಲೇ ಇಳಿಸಿಬಿಡಿ.

ಮುಂದಿನ ಮಂಚಕ್ಕೆ ಜಾಗ ಇದೆಯೇ ಎಂಬ ಲೆಕ್ಕವನ್ನು ಹೊರಡುವ ಮೊದಲೇ ಮಾಡಿಟ್ಟುಕೊಳ್ಳಬೇಕು. ಟೇಪ್ ಹಿಡಿದು ಮೂರು ಅಳತೆ ತೆಗೆದುಕೊಳ್ಳಿ: ಟ್ರೇಲರಿನ ಮುಂಗೋಡೆಯಿಂದ ಬಾಲ್‌ವರೆಗೆ, ಬಾಲ್‌ನಿಂದ ಕಾರಿನ ಹಿಂಬದಿಯವರೆಗೆ, ಮಂಚ ಪೂರ್ತಿ ಹೊರಬಂದಾಗ ಗೋಡೆಯಿಂದ ಅದರ ತುದಿಯವರೆಗೆ. ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಕಳೆದಾಗ ಕನಿಷ್ಠ 15 ಸೆಂ.ಮೀ. ಉಳಿಯಬೇಕು. ಗೋಡೆಯಿಂದ ಬಾಲ್‌ಗೆ 120, ಬಾಲ್‌ನಿಂದ ಕಾರಿಗೆ 20, ಮಂಚ 120 ಎಂದಾದರೆ 20 ಸೆಂ.ಮೀ. ಉಳಿಯುತ್ತದೆ, ಧೈರ್ಯವಾಗಿ ಎಳೆಯಬಹುದು. ಮಂಚ 150 ಇದ್ದರೆ ಅದು ಕಾರಿನ ಗಾಜಿಗೆ ಹೋಗಿ ತಾಗುತ್ತದೆ. ಎತ್ತರದ ಎಸ್‌ಯುವಿಗಳ ತೊಂದರೆಯೇ ಇದು. ಹಿಂಬಾಗಿಲಿಗೆ ಸ್ಟೆಪ್ನಿಯನ್ನೋ ಸೈಕಲ್ ಕ್ಯಾರಿಯರನ್ನೋ ಕಟ್ಟಿದ್ದರೆ ಅಳತೆ ಅಲ್ಲಿಂದ ಶುರುವಾಗಬೇಕು. ಜಾಗ ಸಾಲದಿದ್ದರೆ ಮುಂದಿನ ಮಂಚ ಒಳಗೇ ಇರಲಿ, ಹಿಂದಿನದರಲ್ಲಿ ಮಲಗಿ. ಒಂದೇ ಮಂಚ ಬಿಡಿಸಿ ಛಾವಣಿ ಏರಿಸಲು ನಿಮ್ಮ ಮಾದರಿಯಲ್ಲಿ ಅವಕಾಶವಿದೆಯೇ ಎಂದು ಕೈಪಿಡಿ ನೋಡಿ ಖಚಿತ ಮಾಡಿಕೊಳ್ಳಿ. ಎರಡು ತ್ರಿಕೋನವಾಗಿ ಏಳುವ ಗಟ್ಟಿ ಛಾವಣಿಯ ಟ್ರೇಲರ್‌ಗಳಲ್ಲಿ ಮಂಚ ಹೊರಗೆ ಬರುವುದೇ ಇಲ್ಲ, ಆದ್ದರಿಂದ ಈ ತಲೆನೋವು ಇರುವುದಿಲ್ಲ.

ಇನ್ನು ಮಟ್ಟ. ಅಡ್ಡಮಟ್ಟಕ್ಕೆ ತಗ್ಗಿನ ಕಡೆಯ ಗಾಲಿಯನ್ನು ಹಲಗೆಯ ಮೇಲೆ ಹತ್ತಿಸಬೇಕು. ಗಾಲಿಯಿಂದ ಗಾಲಿಗೆ 1.9 ಮೀಟರ್ ಇದ್ದರೆ ಒಂದು ಡಿಗ್ರಿ ಓರೆಗೆ ಸುಮಾರು 33 ಮಿ.ಮೀ. ದಪ್ಪದ ಹಲಗೆ ಬೇಕು. ರಸಮಟ್ಟವನ್ನು ಚಾಸಿಸ್ ಮೇಲೋ ಒಳಗಿನ ನೆಲದ ಮೇಲೋ ಇಟ್ಟು ನೋಡಿ. ಛಾವಣಿಯ ಮೇಲೆ ಇಟ್ಟು ಪ್ರಯೋಜನವಿಲ್ಲ, ಅದು ಚಾಸಿಸ್‌ಗೆ ಸರಿಸಮ ಇರಬೇಕೆಂದೇನಿಲ್ಲ. ಕಳಚಿದ ಟ್ರೇಲರಿಗೆ ಹಿಂದು-ಮುಂದಿನ ಮಟ್ಟವನ್ನು ಜಾಕ್ ತಿರುಗಿಸಿಯೇ ಸರಿಮಾಡಬಹುದು. ಕಳಚದಾಗ ಆ ಸೌಲಭ್ಯ ಇಲ್ಲ. ಕಾರನ್ನೇ ಒಂದಿಷ್ಟು ಮುಂದೆ ಹಿಂದೆ ಮಾಡಿ ಒಳ್ಳೆಯ ಜಾಗ ಹುಡುಕಬೇಕು, ಇಲ್ಲವೇ ಕಾರಿನ ಹಿಂದಿನ ಎರಡೂ ಗಾಲಿಗಳನ್ನು ಹಲಗೆ ಹತ್ತಿಸಬೇಕು. ಬಾಲ್ ಹಿಂದಿನ ಆಕ್ಸಲ್‌ಗಿಂತ ಹಿಂದಿರುವುದರಿಂದ ಹಲಗೆಯ ದಪ್ಪಕ್ಕಿಂತ ಹೆಚ್ಚು ಏಳುತ್ತದೆ. ವೀಲ್‌ಬೇಸ್ (ಕಾರಿನ ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 2.7 ಮೀ., ಆಕ್ಸಲ್‌ನಿಂದ ಬಾಲ್‌ಗೆ 1.1 ಮೀ. ಇದ್ದರೆ 5 ಸೆಂ.ಮೀ. ಹಲಗೆಗೆ ಬಾಲ್ 7 ಸೆಂ.ಮೀ. ಏರುತ್ತದೆ. ಬಾಲ್‌ನಿಂದ ಟ್ರೇಲರಿನ ಆಕ್ಸಲ್‌ಗೆ 3.5 ಮೀಟರ್ ದೂರವಾದರೆ ಅದು ಒಂದು ಡಿಗ್ರಿಗಿಂತ ತುಸು ಹೆಚ್ಚು. ಮೂತಿ ಒಂದೆರಡು ಡಿಗ್ರಿ ಮೇಲಿದ್ದರೆ ನಿದ್ದೆಗೇನೂ ತೊಂದರೆಯಿಲ್ಲ, ತಲೆ ಎತ್ತರದ ಕಡೆ ಇರಲಿ. ಗ್ಯಾಸಿನಲ್ಲಿ ಓಡುವ ಫ್ರಿಜ್ ಇದ್ದರೆ ಮಾತ್ರ ಮಟ್ಟದ ವಿಷಯದಲ್ಲಿ ಹೆಚ್ಚು ಕಟ್ಟುನಿಟ್ಟಾಗಿರಿ. ತೀರಾ ಓರೆಯಾದರೆ ಅದು ತಂಪು ಮಾಡುವುದಿಲ್ಲ.

ಮಟ್ಟ ಸಿಕ್ಕ ಮೇಲೆ ಕಾರನ್ನು ಅಲುಗದಂತೆ ನಿಲ್ಲಿಸಬೇಕು. ಕಾಲಿನ ಬ್ರೇಕ್ ಒತ್ತಿ ಹಿಡಿದೇ ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ಕಾಲು ಎತ್ತಿ. ಕಾರು ಕೊಂಚ ಸರಿದು ಹ್ಯಾಂಡ್ ಬ್ರೇಕ್ ಮೇಲೆ ಕೂರುತ್ತದೆ. ಅದು ಕೂತ ನಂತರವೇ ಪಾರ್ಕ್‌ಗೆ ಅಥವಾ ಗೇರಿಗೆ ಹಾಕಿ. ಇದನ್ನು ಬಿಟ್ಟರೆ ಆ ಒಂದೆರಡು ಸೆಂಟಿಮೀಟರ್ ಸರಿದಾಟ ರಾತ್ರಿ ಯಾವಾಗಲೋ ಆಗುತ್ತದೆ, ಅಷ್ಟರಲ್ಲಿ ಸ್ಟೆಬಿಲೈಜರ್ ಕಾಲುಗಳು ನೆಲಕ್ಕೆ ಊರಿರುತ್ತವೆ. ಅವು ಬಾಗುವುದು ಹೀಗೆಯೇ. ಟ್ರೇಲರಿನ ಎರಡೂ ಗಾಲಿಗಳ ಹಿಂದೆ-ಮುಂದೆ ಅಡೆ ಕೊಡಿ. ಕಾರಿಗೆ ಏರ್ ಸಸ್ಪೆನ್ಷನ್ ಇದ್ದರೆ ತಾನಾಗಿ ಎತ್ತರ ಸರಿಪಡಿಸಿಕೊಳ್ಳುವ ವ್ಯವಸ್ಥೆಯನ್ನು ಬಂದ್ ಮಾಡಿ.

ಆಮೇಲೆ ಮೂತಿಯ ಜಾಕ್. ಕಳಚುವುದೇ ಇಲ್ಲವಲ್ಲ, ಜಾಕ್ ಯಾಕೆ ಎನ್ನಬೇಡಿ. ಕಾರಿನ ಸ್ಪ್ರಿಂಗ್ ಕುಣಿಯುವುದನ್ನು ತಡೆಯುವುದೇ ಅದು. ಟ್ರೇಲರ್ ಸಿಕ್ಕಿಸುವ ಮೊದಲು ಮತ್ತು ಸಿಕ್ಕಿಸಿದ ಮೇಲೆ ಕಾರಿನ ಹಿಂಗಾಲಿಯ ಕಮಾನು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದಿಟ್ಟುಕೊಳ್ಳಿ. 40 ಮಿ.ಮೀ. ಕುಸಿದಿದ್ದರೆ, ಜಾಕ್ ಕೆಳಗೆ ಅಗಲವಾದ ಹಲಗೆ ಇಟ್ಟು 20 ಮಿ.ಮೀ. ಮರಳುವವರೆಗೆ ಎತ್ತಿ ನಿಲ್ಲಿಸಿ. ಅರ್ಧ ಭಾರ ಜಾಕಿಗೆ, ಅರ್ಧ ಕಾರಿಗೆ. ಉತ್ಸಾಹದಲ್ಲಿ ಪೂರ್ತಿ ಎತ್ತಿದರೆ ಕಪ್ಲರ್ ಬಾಲನ್ನು ಮೇಲಕ್ಕೆ ಎಳೆಯತೊಡಗುತ್ತದೆ, ಕಾರಿನ ಹಿಂಗಾಲಿಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ಹ್ಯಾಂಡ್ ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಆ ಗಾಲಿಗಳನ್ನೇ.

ಹಿಂದಿನ ಸ್ಟೆಬಿಲೈಜರ್‌ಗಳ ಬಗ್ಗೆ ಉದಾಸೀನ ಮಾತ್ರ ಬೇಡ. ಕೊಂಡಿ ಕಚ್ಚಿಕೊಂಡಿದೆ, ಟ್ರೇಲರ್ ಹಿಂದಕ್ಕೆ ವಾಲುವುದಿಲ್ಲ ಎಂದು ಬಹಳ ಜನ ಅವನ್ನು ಇಳಿಸುವುದೇ ಇಲ್ಲ. ಲೆಕ್ಕ ಹಾಕಿ ನೋಡಿ. 900 ಕಿಲೋ ಟ್ರೇಲರಿನ ಮೂತಿಭಾರ (ಬಾಲ್ ಮೇಲೆ ಕೂರುವ ಭಾರ) ಶೇ. 10 ಎಂದರೆ 90 ಕಿಲೋ. ಆಕ್ಸಲ್‌ನಿಂದ 2.8 ಮೀಟರ್ ಹಿಂದಿರುವ ಮಂಚದಲ್ಲಿ ಇಬ್ಬರು, ಒಟ್ಟು 150 ಕಿಲೋ, ಮಲಗಿದರೆ 3.5 ಮೀಟರ್ ಮುಂದಿರುವ ಬಾಲ್ ಮೇಲೆ 120 ಕಿಲೋ ಮೇಲ್ಮುಖ ಒತ್ತಡ ಬೀಳುತ್ತದೆ. ಇದ್ದ 90 ಕಿಲೋ ಹೋಗಿ, 30 ಕಿಲೋ ಉಲ್ಟಾ ಎಳೆತ. ಆಗ ಟ್ರೇಲರ್ ಕಾರಿನ ಹಿಂಭಾಗವನ್ನೇ ಎತ್ತುತ್ತಿರುತ್ತದೆ, ಮಗ್ಗಲು ಬದಲಿಸಿದಾಗಲೆಲ್ಲ ಕಪ್ಲರ್ ಕಟಕಟ ಎನ್ನುತ್ತದೆ. ಆದ್ದರಿಂದ ಮಂಚ ಎಳೆಯುವ ಮೊದಲೇ ಹಿಂದಿನ ಎರಡು ಕಾಲು ಊರಿರಬೇಕು. ನೆಲ ಮುಟ್ಟಿದ ಮೇಲೆ ಅರ್ಧ ಸುತ್ತು ಬಿಗಿ ಸಾಕು. ಅದರಿಂದ ಟ್ರೇಲರ್ ಎತ್ತಲು ಹೋದರೆ ಚಾಸಿಸ್ ತಿರುಚಿಕೊಳ್ಳುತ್ತದೆ. ಬಾಗಿಲಿನ ಮೇಲಂಚಿನ ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಕಂಡರೆ ಯಾವುದೋ ಕಾಲು ಹೆಚ್ಚು ಬಿಗಿಯಾಗಿದೆ ಎಂದರ್ಥ. ಮುಂದಿನ ಎರಡು ಕಾಲುಗಳನ್ನು ಸುಮ್ಮನೆ ನೆಲಕ್ಕೆ ತಾಗಿಸಿದರೆ ಸಾಕು.

ಛಾವಣಿ ಏರಿಸುವ ಮೊದಲು ಚಿಲಕಗಳನ್ನು ಸುತ್ತಿ ಬಂದು ಕೈಯಿಂದ ಮುಟ್ಟಿ ನೋಡಿ. ಕಾರಿನ ಕಡೆಯ ಚಿಲಕ ಕಣ್ಣಿಗೆ ಬೀಳದೆ ಉಳಿದುಹೋಗುವುದು ಸಾಮಾನ್ಯ, ಅದೊಂದು ಉಳಿದರೂ ಛಾವಣಿ ಎತ್ತುವ ವಿಂಚ್ ತಿರುಗಿಸುವಾಗ ಕೇಬಲ್ ಹರಿಯಬಹುದು. ನಾಲ್ಕೂ ಮೂಲೆ ಸಮವಾಗಿ ಏಳಬೇಕು, ಒಂದು ಹಿಂದೆ ಬಿದ್ದರೆ ನಿಲ್ಲಿಸಿ. ಎತ್ತರದ ಮಿತಿ ತೋರಿಸುವ ದಾರ ಬಿಗಿಯಾದ ಮೇಲೆ ಒಂದು ಸುತ್ತೂ ಹೆಚ್ಚು ಬೇಡ. ಹಿಂದಿನ ಮಂಚವನ್ನು ಪೂರ್ತಿ ಎಳೆದು, ತುದಿ ತುಸು ಎತ್ತಿ ಊರುಗೋಲು ಕೂರಿಸಿ. ಮುಂದಿನದು ಆಮೇಲೆ.

ಕಾರಿನಿಂದ ಬರುವ ಕರೆಂಟಿನ ಪ್ಲಗ್ ಕಳಚಿ, ಬಾಯಿ ಕೆಳಗಾಗಿ ನೇತುಹಾಕಿ. ಕೆಲವು ಕಾರುಗಳಲ್ಲಿ ಇಂಜಿನ್ ಆರಿದ ಮೇಲೂ ಆ ತಂತಿಯಲ್ಲಿ ಕರೆಂಟ್ ಇರುತ್ತದೆ. ಟ್ರೇಲರಿನ ಫ್ರಿಜ್ ಮತ್ತು ದೀಪ ರಾತ್ರಿಯಿಡೀ ಕಾರಿನ ಬ್ಯಾಟರಿಯನ್ನೇ ಹೀರುತ್ತವೆ. ಸುರಕ್ಷತೆಯ ಸರಪಳಿಗಳು ಮತ್ತು ಬ್ರೇಕ್‌ಅವೇ ಕೇಬಲ್ (ಕೊಂಡಿ ತಪ್ಪಿದರೆ ಟ್ರೇಲರಿನ ಬ್ರೇಕ್ ಹಾಕುವ ತಂತಿ) ಇದ್ದಲ್ಲೇ ಇರಲಿ.

ಒಂದು ವಿಷಯದಲ್ಲಿ ರಿಯಾಯಿತಿಯೇ ಇಲ್ಲ: ಟ್ರೇಲರ್ ಬಿಡಿಸಿದ ಮೇಲೆ ಕಾರಿನ ಇಂಜಿನ್ ಚಾಲೂ ಮಾಡಬೇಡಿ, ಫೋನ್ ಚಾರ್ಜ್ ಮಾಡಲೂ ಬೇಡ, ಬೆಳಗ್ಗೆ ಬಿಸಿಯಾಗಲಿ ಎಂದೂ ಬೇಡ. ಸೈಲೆನ್ಸರ್ ಬಾಯಿ ಇರುವುದು ಮುಂದಿನ ಮಂಚದ ಕ್ಯಾನ್ವಾಸಿನ ಹತ್ತಿರ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜಾಲರಿ ಕಿಟಕಿ ಅದನ್ನು ತಡೆಯುವುದೂ ಇಲ್ಲ.

ಬೆಳಗ್ಗೆ ಎಲ್ಲವೂ ತಿರುಗುಮುರುಗು: ಮಂಚಗಳು ಒಳಗೆ, ಕ್ಯಾನ್ವಾಸ್ ಸಂದಿನಲ್ಲಿ ಸಿಕ್ಕದಂತೆ ಒಳಸರಿಸಿ ಛಾವಣಿ ಕೆಳಗೆ, ಚಿಲಕ, ನಾಲ್ಕು ಕಾಲು, ಆಮೇಲೆ ಮೂತಿಯ ಜಾಕ್. ಕಳಚದೆ ನಿಲ್ಲಿಸಿದವರು ಮರೆಯುವುದು ಈ ಜಾಕನ್ನೇ, ಏಕೆಂದರೆ ಕೊಂಡಿ ಹಾಕುವ ಕೆಲಸವೇ ಇಲ್ಲದ್ದರಿಂದ ಮೂತಿಯ ಹತ್ತಿರ ಯಾರೂ ಹೋಗುವುದಿಲ್ಲ. ಕಾರಿನ ಕೀಲಿಯನ್ನು ರಾತ್ರಿಯೇ ಜಾಕಿನ ಹ್ಯಾಂಡಲ್ ಇಟ್ಟಿರುವ ಪೆಟ್ಟಿಗೆಯಲ್ಲಿ ಇಡುವುದು ಒಳ್ಳೆಯ ಅಭ್ಯಾಸ. ಜಾಕ್ ಮೇಲೇರಿದ ಮೇಲೆ ಕಪ್ಲರ್ ಲಾಚಿನ ಪಿನ್ ಸ್ವಸ್ಥಾನದಲ್ಲಿದೆಯೇ ನೋಡಿ, ಪ್ಲಗ್ ಹಾಕಿ ದೀಪಗಳನ್ನು ಪರೀಕ್ಷಿಸಿ, ಗಾಲಿಯ ಅಡೆಗಳನ್ನು ಎಲ್ಲಕ್ಕಿಂತ ಕೊನೆಗೆ ತೆಗೆಯಿರಿ.