ಕೈದಿಯ ಗೋಡೆಗೆ ಬಡಿದ ಗುಂಡು

ಬಾಸ್ಟನ್ನಿನ ಮಗಳ ಮನೆಯಲ್ಲಿ ಮೂರು ವಾರ ಇದ್ದೆವು. ಬರೆಯಲೇಬೇಕು ಅನ್ನಿಸಿದ್ದು ಒಂದೇ ಮಧ್ಯಾಹ್ನ, ಚಾರ್ಲ್ಸ್‌ಟೌನ್ ನೌಕಾನೆಲೆಯ ‘ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್’ ಹಡಗಿನ ಮೇಲೆ ಕಳೆದದ್ದು.

ಮೊದಲ ದಿನ ಹತ್ತಲಾಗಲಿಲ್ಲ. 1797ರಲ್ಲಿ ನೀರಿಗಿಳಿದ ಈ ಹಾಯಿಹಡಗು ಈಗಲೂ ಅಮೆರಿಕದ ನೌಕಾಪಡೆಯದ್ದೇ. ದೊಡ್ಡವರೆಲ್ಲ ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕು. ನಮ್ಮ ಪಾಸ್‌ಪೋರ್ಟುಗಳು ಮನೆಯ ಬೀರುವಿನಲ್ಲಿದ್ದವು. ಮಂಡಿನೋವಿನ ಯಜಮಾನರು ಅಷ್ಟು ದೂರ ನಡೆದು ಬಂದು ಬರೀ ಹಾಯಿಗಂಬ ನೋಡಿಕೊಂಡು ವಾಪಸಾದ ಸಂಕಟ ನನಗಿನ್ನೂ ಹೋಗಿಲ್ಲ. ಹೋಗುವವರು ಪಾಸ್‌ಪೋರ್ಟ್ ಚೀಲದಲ್ಲಿಟ್ಟುಕೊಂಡೇ ಮನೆ ಬಿಡಿ.

ಮರುದಿನ ಹತ್ತಿದೆವು. ಪಕ್ಕದಲ್ಲಿ ಎರಡನೇ ಮಹಾಯುದ್ಧದ ಉಕ್ಕಿನ ಹಡಗೊಂದಿತ್ತು, ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ಇಲ್ಲಿ ಕೆಳಗಿಳಿದರೆ ಸಾಲು ತೋಪುಗಳು. ಮೋಟುಗಾಲಿಯ ಮರದ ಬಂಡಿಯ ಮೇಲೆ ಕೂತ ಕರಿಯ ತೋಪು. ಹೊಡೆದಾಗ ತೀರಾ ಹಿಂದಕ್ಕೆ ನುಗ್ಗದಂತೆ ದಪ್ಪ ಹಗ್ಗದಿಂದ ಹಡಗಿನ ಗೋಡೆಯ ಕಬ್ಬಿಣದ ಬಳೆಗೆ ಬಿಗಿದಿದ್ದಾರೆ.

ಉತ್ತರ ಆಫ್ರಿಕಾದ, ಈಗ ಲಿಬಿಯಾದಲ್ಲಿರುವ ಟ್ರಿಪೊಲಿಯ ಕಡಲ್ಗಳ್ಳರು ವ್ಯಾಪಾರಿ ಹಡಗು ಹಿಡಿದು, ನಾವಿಕರನ್ನು ಸೆರೆಯಲ್ಲಿಟ್ಟು ಹಣ ಕೀಳುತ್ತಿದ್ದ ಕಾಲದಲ್ಲಿ, 1803ರಲ್ಲಿ, ಅಮೆರಿಕದ ನೌಕಾದಳದ ಮುಖ್ಯಸ್ಥ ಕಮೊಡೋರ್ ಪ್ರೆಬಲ್ ಈ ಹಡಗನ್ನು ಅಲ್ಲಿಗೆ ಒಯ್ದರು. ಅದೇ ಅಕ್ಟೋಬರಿನಲ್ಲಿ ಜೊತೆಯ ಹಡಗು ‘ಫಿಲಡೆಲ್ಫಿಯಾ’ ಬಂಡೆಗೆ ಸಿಕ್ಕಿಕೊಂಡು ಕ್ಯಾಪ್ಟನ್ ಬೇನ್‌ಬ್ರಿಡ್ಜ್ ಸಮೇತ 307 ಜನ ಸೆರೆಯಾದರು. ಮುಂದಿನ ಆಗಸ್ಟಿನಲ್ಲಿ ಪ್ರೆಬಲ್ ಟ್ರಿಪೊಲಿಯ ಮೇಲೆ ತೋಪು ಹಾರಿಸಿದರು.

“ಒಳಗೆ ಇವರದೇ ಜನ ಇದ್ದರಲ್ಲ?” ಎಂದು ಹಳೆಗಾಲದ ಸಮವಸ್ತ್ರದಲ್ಲಿದ್ದ ನಾವಿಕ ಹುಡುಗಿಯನ್ನು ಕೇಳಿದೆ.

“ಇದ್ದರು ಮೇಡಂ. ನಮ್ಮವರದೇ ಗುಂಡೊಂದು ಬೇನ್‌ಬ್ರಿಡ್ಜ್ ಮಲಗಿದ್ದ ಕೋಣೆಯ ಗೋಡೆಗೆ ಬಡಿದು, ಕಲ್ಲುಗಳು ಅವರ ಮೇಲೇ ಬಿದ್ದವು.”

“ಆ ಸದ್ದು ಕೇಳಿ ಅವರಿಗೆ ಖುಷಿಯಾಗಿತ್ತೋ, ಭಯವೋ?”

ಅವಳು ತೋಪಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಾನೂ ರಾತ್ರಿ ಪಾಳಿಯಲ್ಲಿ ಅದನ್ನೇ ಯೋಚಿಸುತ್ತೇನೆ. ಮನೆಯವರು ಬಾಗಿಲು ಒಡೆಯುತ್ತಿದ್ದಾರೆ, ಆದರೆ ಬಾಗಿಲ ಹಿಂದೆ ನಾನೇ ಇದ್ದೇನೆ. ಹಾಗೆ.”

ಹತ್ತೊಂಬತ್ತು ತಿಂಗಳ ಸೆರೆ. 1805ರ ಜೂನಿನಲ್ಲಿ 60,000 ಡಾಲರ್ ಕೊಟ್ಟು ಬಿಡಿಸಿಕೊಂಡರು. ಅದರ ಮಾತುಕತೆ ನಡೆದದ್ದೂ ಇದೇ ಹಡಗಿನಲ್ಲಿ.

ಅದೇ ಬೇನ್‌ಬ್ರಿಡ್ಜ್ 1812ರಲ್ಲಿ ಇದರ ಕ್ಯಾಪ್ಟನ್ ಆದರು ಎಂದು ಅವಳು ಹೇಳಿದಾಗ ನನಗೆ ಮೈ ಜುಂ ಎಂದಿತು. ಆಗ ಅಮೆರಿಕಕ್ಕೂ ಇಂಗ್ಲಿಷರಿಗೂ ಯುದ್ಧ. ಡಿಸೆಂಬರ್ 29ರಂದು ಬ್ರೆಜಿಲ್ ಕಡಲಿನಲ್ಲಿ ಇಂಗ್ಲಿಷರ ಹಡಗು ‘ಜಾವಾ’ವನ್ನು ಸೋಲಿಸಿದರು. ಅದರಲ್ಲಿ ಬೊಂಬಾಯಿಯ ಗವರ್ನರ್ ಆಗಲು ಹೊರಟಿದ್ದ ಜನರಲ್ ಹಿಸ್ಲಪ್ ಇದ್ದರು. 1817ರ ಮಹಿದ್‌ಪುರದ ಕಾಳಗದಲ್ಲಿ, ಹೋಳ್ಕರರ ಎದುರು, ನಮ್ಮ ಮೈಸೂರಿನ ಕುದುರೆಪಡೆ ಹೋರಾಡಿದ್ದು ಈ ಹಿಸ್ಲಪ್ ಕೈಕೆಳಗೇ. ಅಷ್ಟು ದೂರದ ಮರದ ಹಲಗೆಯ ಮೇಲೆ ನಮ್ಮೂರಿನ ಹೆಸರು ನೆನಪಾಯಿತು.

ಗಾಯಗೊಂಡಿದ್ದ ಬೇನ್‌ಬ್ರಿಡ್ಜ್ ಸಾಲ್ವಡೋರ್ ಬಂದರಿನಲ್ಲಿ ಇಬ್ಬರ ಭುಜ ಹಿಡಿದು ನಡೆದು, ಸಾವಿನ ಹಾಸಿಗೆಯಲ್ಲಿದ್ದ ‘ಜಾವಾ’ದ ಕ್ಯಾಪ್ಟನ್ನನಿಗೆ ಅವನ ಕತ್ತಿ ಹಿಂದಿರುಗಿಸಿದರು. ಕೈದಿಗಳ ವಿನಿಮಯವಾಗುವವರೆಗೆ ಅಮೆರಿಕದ ಮೇಲೆ ಕತ್ತಿಯೆತ್ತುವುದಿಲ್ಲ ಎಂಬ ಮಾತು ಪಡೆದು, ಸೆರೆಸಿಕ್ಕವರನ್ನು ಅಲ್ಲೇ ಬಿಟ್ಟರು.