ಆಪರೇಷನ್ ಆದ ಬೆಕ್ಕನ್ನು ಮತ್ತೆ ಅಲ್ಲೇ ಯಾಕೆ ಬಿಡ್ತೀರಿ?

"ಇಷ್ಟು ಕಷ್ಟಪಟ್ಟು ಹಿಡೀತೀರಿ, ಆಪರೇಷನ್ ಮಾಡಿಸ್ತೀರಿ, ಮತ್ತೆ ತಂದು ಇಲ್ಲೇ ಬಿಡ್ತೀರಲ್ಲ, ಯಾಕೆ?"

ಶಿವಮೊಗ್ಗದ ಯಾವ ಬೀದಿಯಲ್ಲಿ ಬೋನು ಇಟ್ಟರೂ ಈ ಪ್ರಶ್ನೆ ಬರುತ್ತದೆ. ವಿನೋಬನಗರದಲ್ಲೂ ಕೇಳಿದ್ದಾರೆ, ಗಾಂಧಿ ಬಜಾರಿನಲ್ಲೂ ಕೇಳಿದ್ದಾರೆ. ಉತ್ತರ ಒಂದೇ. ಆ ಬೆಕ್ಕಿನ ಮನೆ ಅಲ್ಲೇ ಇದೆ. ಕೈಯಲ್ಲಿ ಬೋನು, ಒಳಗೆ ಹೆದರಿ ನಡುಗುವ ಬೆಕ್ಕು. ಆ ಹೊತ್ತಿನಲ್ಲಿ ರಸ್ತೆಯಲ್ಲಿ ನಿಂತು ವಿವರಿಸುತ್ತಾ ಇರಲು ನನಗೆ ಇಷ್ಟವಿಲ್ಲ. ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ನಾವು ಮಾಡುವುದು ಇಷ್ಟು. ಯಾರ ಮನೆಗೂ ಸೇರದ, ಮುಟ್ಟಲು ಬಿಡದ ಬೀದಿ ಬೆಕ್ಕುಗಳನ್ನು ಬೋನಿನಲ್ಲಿ ಹಿಡಿಯುತ್ತೇವೆ. ಮೇಲೆ ಬಟ್ಟೆ ಮುಚ್ಚಿ ಡಾಕ್ಟರ ಹತ್ತಿರ ಒಯ್ಯುತ್ತೇವೆ. ಮರಿ ಆಗದಂತೆ ಆಪರೇಷನ್ ಆಗುತ್ತದೆ, ರೇಬೀಸ್ ಲಸಿಕೆಯೂ ಆಗುತ್ತದೆ. ಬೆಕ್ಕಿಗೆ ಎಚ್ಚರವಾಗುವ ಮುಂಚೆಯೇ ಎಡಗಿವಿಯ ತುದಿಯನ್ನು ಸ್ವಲ್ಪ ಕತ್ತರಿಸುತ್ತಾರೆ. ಅದು ಗುರುತು. ಅಂಥ ಕಿವಿಯ ಬೆಕ್ಕನ್ನು ಮತ್ತೆ ಹಿಡಿದು ಕಾಟ ಕೊಡಬೇಕಿಲ್ಲ. ಚೇತರಿಸಿಕೊಂಡ ಮೇಲೆ ಹಿಡಿದ ಜಾಗಕ್ಕೇ ತಂದು ಬಿಡುತ್ತೇವೆ.

"ಹೊಳೆ ಆಚೆ ಬಿಟ್ಟು ಬನ್ನಿ" ಅನ್ನುತ್ತಾರೆ ಜನ. ನಮ್ಮ ಕಡೆ ಇದು ಹಳೇ ಉಪಾಯ. ಬೆಕ್ಕನ್ನು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎಂಬ ಭಯ ಇನ್ನೂ ಇದೆ. ಹಾಗಾಗಿ ಯಾರೂ ಕೊಲ್ಲುವುದಿಲ್ಲ. ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ತುಂಗೆಯ ಸೇತುವೆ ದಾಟಿಸಿ ಬಿಟ್ಟು ಬರುತ್ತಾರೆ. ನೀರು ದಾಟಿದ ಬೆಕ್ಕಿಗೆ ವಾಪಸ್ ಬರುವ ದಾರಿ ತಿಳಿಯುವುದಿಲ್ಲವಂತೆ. ತಾವು ಕೊಂದಿಲ್ಲ ಎಂಬ ಸಮಾಧಾನ ಬೇರೆ. ನನಗೆ ಸಿಟ್ಟು ಬರುವುದು ಇಲ್ಲೇ.

ಬೆಕ್ಕು ಬದುಕುವುದು ಜಾಗದ ಪರಿಚಯದಿಂದ. ಯಾವ ಗೋಡೆ ಹತ್ತಿದರೆ ನಾಯಿಗೆ ಸಿಗುವುದಿಲ್ಲ, ಯಾವ ಹೋಟೆಲಿನ ಹಿಂಬಾಗಿಲಲ್ಲಿ ಎಷ್ಟು ಹೊತ್ತಿಗೆ ಊಟ ಸಿಗುತ್ತದೆ, ಮಳೆ ಬಂದರೆ ಯಾವ ಸೌದೆ ಕೊಟ್ಟಿಗೆಗೆ ನುಗ್ಗಬೇಕು, ಎಲ್ಲ ಅದಕ್ಕೆ ಗೊತ್ತು. ಹೊಸ ಜಾಗದಲ್ಲಿ ಇದು ಯಾವುದೂ ಗೊತ್ತಿಲ್ಲ. ಅಲ್ಲಿ ಮೊದಲೇ ಇರುವ ಬೆಕ್ಕುಗಳು ಅಟ್ಟಿಸಿಕೊಂಡು ಬರುತ್ತವೆ. ಹಳೇ ಜಾಗ ಹುಡುಕಿಕೊಂಡು ಹೊರಟ ಬೆಕ್ಕು ರಸ್ತೆಯಲ್ಲಿ ಗಾಡಿಗೆ ಸಿಗುತ್ತದೆ. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಕ್ರೌರ್ಯ ಅನ್ನುತ್ತದೆ. ಬಂಗಾರದ ಬೆಕ್ಕಿಗೆ ಹೆದರುವವರು ಇದನ್ನೂ ಸ್ವಲ್ಪ ನೆನಪಿಡಲಿ.

ಇನ್ನು ಖಾಲಿಯಾದ ಜಾಗದ ಕಥೆ. ಮೀನಂಗಡಿಯ ಕಸ ಹಾಗೇ ಇರುತ್ತದೆ, ಅಡಿಕೆ ಮಂಡಿಯ ಇಲಿ ಹೆಗ್ಗಣ ಹಾಗೇ ಇರುತ್ತವೆ. ಊಟ ಇದ್ದಲ್ಲಿಗೆ ಬೇರೆ ಬೆಕ್ಕು ಬಂದೇ ಬರುತ್ತದೆ. ಅದಕ್ಕೆ ಆಪರೇಷನ್ ಆಗಿರುವುದಿಲ್ಲ, ಲಸಿಕೆಯೂ ಆಗಿರುವುದಿಲ್ಲ. ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ನಿಂತರೆ ಒಂಬತ್ತು ವಾರಕ್ಕೆ ಮರಿ. ಆ ಮರಿಗಳಿಗೆ ಹಾಲು ಕುಡಿಸುತ್ತಿರುವಾಗಲೇ ಮತ್ತೆ ಗರ್ಭ ನಿಲ್ಲಬಹುದು. ಆಪರೇಷನ್ ಆದ ಬೆಕ್ಕು ಅದೇ ಜಾಗದಲ್ಲಿ ಇದ್ದರೆ ಇಲಿ ಹಿಡಿಯುವುದನ್ನು ಬಿಡುವುದಿಲ್ಲ. ಇಲಿಜ್ವರದ ಭಯ ಇರುವ ನಮ್ಮ ಊರಿಗೆ ಅದು ಸಣ್ಣ ವಿಷಯ ಅಲ್ಲ. ಗಂಡು ಬೆಕ್ಕುಗಳ ರಾತ್ರಿ ಜಗಳ, ಕೂಗಾಟ, ಬಾಗಿಲಿಗೆ ಉಚ್ಚೆ ಹಾರಿಸುವುದು ಕೂಡ ತುಂಬಾ ಕಡಿಮೆಯಾಗುತ್ತದೆ. ನಿಮಗೆ ತೊಂದರೆ ಆಗಿದ್ದು ಅದೇ ತಾನೇ?

ಈ ಪ್ರಶ್ನೆಯ ಅತಿ ಕೆಟ್ಟ ರೂಪ ನಾನು ಕೇಳಿದ್ದು ತೀರ್ಥಹಳ್ಳಿ ದಾಟಿ ಒಂದು ತೋಟದ ಮನೆಯಲ್ಲಿ. ಅಟ್ಟದ ಮೇಲೆ ಬೆಕ್ಕು ಪದೇ ಪದೇ ಮರಿ ಹಾಕುತ್ತಿದೆ ಅಂತ ಯಜಮಾನರೇ ಕರೆಸಿದ್ದರು. ಅಂಗಳದಲ್ಲಿ ಮೀನು ಇಡುವ ಹಾಗಿಲ್ಲ ಅಂದರು. ಸರಿ, ಒಣಮೀನಿನ ಡಬ್ಬ ಕಾರಿನಲ್ಲೇ ಉಳಿಯಿತು. ಆ ಮನೆಯ ಅಜ್ಜಿ ಒಂದು ಹಿಡಿ ಅನ್ನಕ್ಕೆ ಗಟ್ಟಿ ಮೊಸರು ಕಲಸಿ, ಮೇಲೆ ಒಂದು ಚಮಚ ತುಪ್ಪ ಹಾಕಿ ಕೊಟ್ಟರು. "ಇದಕ್ಕೆ ಬರದೇ ಇದ್ರೆ ಕೇಳು" ಅಂದರು. ಬೆಕ್ಕು ನೇರ ಬೋನಿನೊಳಗೆ ನಡೆದು ಬಂತು. ಮೀನಿನ ಆಸೆಗೂ ಬೋನಿನ ಬಾಯಲ್ಲಿ ನಿಂತು ಗಂಟೆಗಟ್ಟಲೆ ಅನುಮಾನ ಪಡುವ ಬೆಕ್ಕುಗಳನ್ನು ನೋಡಿದ್ದ ನಮಗೆಲ್ಲ ನಗು ತಡೆಯಲಾಗಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಜಡಿಮಳೆಯ ದಿನಗಳು. ಅರಿವಳಿಕೆ ಕೊಟ್ಟ ಬೆಕ್ಕಿನ ಮೈ ಬೇಗ ತಣ್ಣಗಾಗುತ್ತದೆ, ಮಲೆನಾಡಿನ ಥಂಡಿಯಲ್ಲಿ ಅದು ಅಪಾಯ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿ ಇಟ್ಟು ಕಾದೆವು. ಹೊಲಿಗೆ ಒಣಗಿದ್ದನ್ನು ನೋಡಿಕೊಂಡು ವಾಪಸ್ ಕರೆದುಕೊಂಡು ಹೋದರೆ ಯಜಮಾನರು ಉಣುಗೋಲಿನ ಹತ್ತಿರವೇ ಅಡ್ಡ ನಿಂತರು.

"ಮತ್ತೆ ಯಾಕಮ್ಮ ತಂದ್ರಿ? ಆಗುಂಬೆ ಕಡೆ ಹೋಗಿ ಕಾಡಲ್ಲಿ ಬಿಡಿ. ಹಾಯಾಗಿ ಇರುತ್ತೆ."

ಹಾಯಾಗಿ! ಬಚ್ಚಲೊಲೆಯ ಬೂದಿಯಲ್ಲಿ ಬೆಚ್ಚಗೆ ಮಲಗಿ, ಮೊಸರನ್ನ ತಿಂದು ಬೆಳೆದ ಬೆಕ್ಕು ಆಗುಂಬೆಯ ಮಳೆಯಲ್ಲಿ ಹಾಯಾಗಿ ಇರುತ್ತದೆಯೇ? ನಾನು ಸುಮ್ಮನಿರಲಿಲ್ಲ. ಊರ ಬೆಕ್ಕು ಕಾಡಿನ ಪ್ರಾಣಿ ಅಲ್ಲ ಅಂತ ಹೇಳಿದೆ. ಚಿರತೆ ಬೆಕ್ಕು, ಕಾಡುಬೆಕ್ಕು, ಪುನುಗಿನ ಬೆಕ್ಕು ಇವೆಲ್ಲ ಬೇರೆ ಪ್ರಾಣಿಗಳು, ಅವುಗಳ ಬದುಕೇ ಬೇರೆ. ಊರ ಬೆಕ್ಕನ್ನು ಅಲ್ಲಿ ಬಿಟ್ಟರೆ ಅದು ಸಾಯಬಹುದು. ಬದುಕಿದರೆ ಹಕ್ಕಿ, ಕಪ್ಪೆ, ಓತಿಕ್ಯಾತಗಳನ್ನು ಹಿಡಿದು ತಿನ್ನುತ್ತದೆ, ಊರಿನ ರೋಗವನ್ನು ಕಾಡಿನ ಬೆಕ್ಕುಗಳಿಗೆ ಅಂಟಿಸಬಹುದು. ಬೆಕ್ಕಿಗೂ ಕೇಡು, ಕಾಡಿಗೂ ಕೇಡು. ನನ್ನ ದನಿ ಜೋರಾಗಿತ್ತು. ಆಗಲಿ, ಆ ಮಾತಿಗೆ ಅಷ್ಟು ದನಿ ಬೇಕಿತ್ತು.

ಅವರು ಪ್ರಶ್ನೆ ಬದಲಾಯಿಸಿದರು. "ತಾಯಿ ಆಗೋದನ್ನ ತಪ್ಪಿಸಿದ್ರಲ್ಲ, ಪಾಪ ತಟ್ಟಲ್ವಾ?"

ಇದನ್ನೂ ಎಲ್ಲರೂ ಕೇಳುತ್ತಾರೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅಂತ ಹೇಳುತ್ತೇವಲ್ಲ, ಆ ಏಳನೇ ಮನೆ ಮುಟ್ಟುವಷ್ಟರಲ್ಲಿ ಎಷ್ಟು ಮರಿ ಉಳಿದಿರುತ್ತವೆ ಅಂತ ಯಾರಾದರೂ ನೋಡಿದ್ದೀರಾ? ಮಳೆಗಾಲದ ಚರಂಡಿ ಪಕ್ಕ ಕಣ್ಣು ಅಂಟಿಕೊಂಡು ಕೂತ ಮರಿಗಳನ್ನು ನಾನು ಎತ್ತಿಕೊಂಡಿದ್ದೇನೆ. ಎಷ್ಟೋ ಮರಿಗಳು ಕೈಯಲ್ಲೇ ಹೋಗಿವೆ. ಎಲುಬು ಕಾಣುವ ತಾಯಿ ಬೆಕ್ಕು ಮತ್ತೆ ಬಸುರಿಯಾಗಿರುವುದನ್ನು ನೋಡಿದ್ದೇನೆ. ಆಪರೇಷನ್ ಮಾಡಿಸಿದ್ದಕ್ಕೆ ನನಗೆ ಯಾವ ಪಾಪವೂ ತಟ್ಟುವುದಿಲ್ಲ.

ಅಷ್ಟರಲ್ಲಿ ಅಜ್ಜಿ ಜಗಲಿಯಿಂದ ಕೂಗಿದರು. "ಅದು ನಾ ಅನ್ನ ಹಾಕೋ ಬೆಕ್ಕು ಕಣೋ. ದಾರಿ ಬಿಡು, ಒಳಗೆ ಬರಲಿ." ಯಜಮಾನರು ದಾರಿ ಬಿಟ್ಟರು. ಬೋನಿನ ಬಾಗಿಲು ತೆರೆದದ್ದೇ ತಡ, ಬೆಕ್ಕು ಬಚ್ಚಲು ಮನೆ ಕಡೆ ಓಡಿತು.

ಜನ ನನ್ನನ್ನು ಕೇಳಬೇಕಾದ ಪ್ರಶ್ನೆ ಆ ಅಜ್ಜಿಯ ಮಾತಿನಲ್ಲೇ ಇದೆ. ಈ ಬೆಕ್ಕಿಗೆ ಊಟ ಹಾಕುವವರು ಯಾರು? ಯಾರೂ ಇದನ್ನು ಕೇಳುವುದಿಲ್ಲ. ನಮ್ಮ ಕೆಲಸ ನಿಂತಿರುವುದು ಅವರ ಮೇಲೆ. ಮೀನು ಮಾರುವ ಅಕ್ಕ, ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹುಡುಗ, ಮಂಡಿಯ ರಾತ್ರಿ ಕಾವಲಿನವರು. ಯಾವ ಬೆಕ್ಕು ಯಾವ ಹೊತ್ತಿಗೆ ಬರುತ್ತದೆ, ಯಾವುದರ ಹೊಟ್ಟೆ ದಪ್ಪಗಾಗಿದೆ, ಯಾವುದು ಹೊಸದು, ಅವರಿಗೆ ಗೊತ್ತು. ಹಿಂದಿನ ರಾತ್ರಿ ಅವರು ಊಟ ನಿಲ್ಲಿಸಿದರೆ ಮಾತ್ರ ಬೆಕ್ಕು ಬೋನಿಗೆ ಬರುತ್ತದೆ. ಬಿಟ್ಟ ಮೇಲೆ ಸರಿಯಾಗಿ ತಿನ್ನುತ್ತಿದೆಯಾ ಅಂತ ನೋಡಿ ಹೇಳುವವರೂ ಅವರೇ. ಅಕ್ಕಪಕ್ಕದವರಿಂದ ಬೈಸಿಕೊಳ್ಳುವವರೂ ಅವರೇ. ಅವರಿಗೆ ಬೈಯಬೇಡಿ. ಅವರು ಊಟ ಹಾಕುವುದನ್ನು ಬಿಟ್ಟರೆ ಬೆಕ್ಕುಗಳು ಮಾಯ ಆಗುವುದಿಲ್ಲ. ಚದುರಿ ಹೋಗುತ್ತವೆ, ನಮ್ಮ ಕೈಗೆ ಸಿಗುವುದಿಲ್ಲ, ಅಷ್ಟೆ.

ಹಾಗಾಗಿ ನಮಗೆ ಫೋನ್ ಮಾಡುವ ಮುಂಚೆ ಅವರನ್ನು ಹುಡುಕಿ ಮಾತಾಡಿಸಿ. ಹಾಲು ಕುಡಿಸುವ ತಾಯಿ ಇದ್ದರೆ ಮರಿಗಳು ಎಲ್ಲಿವೆ ಅಂತ ಮೊದಲು ತಿಳಿದುಕೊಳ್ಳಿ. ಗಾಯಗೊಂಡ ಬೆಕ್ಕಿಗೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ, ಅದು ಬೆಕ್ಕಿಗೆ ವಿಷ. ಬರಿಗೈಯಲ್ಲಿ ಹಿಡಿಯಲು ಹೋಗಬೇಡಿ. ಕಚ್ಚಿದರೆ, ಪರಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ. ಬೋನು ನಾವು ತರುತ್ತೇವೆ.